ಫಿನಿಯಾಸ್ ಗೇಜ್

1848ನೆಯ ಇಸವಿ ಸೆಪ್ಟೆಂಬರ್ 13ರ ಸಂಜೆ. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಎಂಬ ಊರಿನ ಬಳಿ ರೈಲುಹಾದಿಗಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. ಕೂಲಿಗಳ ಮೇಸ್ತ್ರಿಯಾಗಿದ್ದವನು ಫಿನಿಯಾಸ್ ಗೇಜ್ ಎಂಬ ಇಪ್ಪತ್ತೈದು ವರ್ಷದ ತರುಣ. ದುಡಿಮೆಯಲ್ಲಿ ಚುರುಕು, ವ್ಯವಹಾರದಲ್ಲಿ ಜಾಣ. ಒಡೆಯರಿಗೆ ಆತನೆಂದರೆ ಮೆಚ್ಚುಗೆ. ಬಂಡೆಯಲ್ಲಿ ಕೊರೆದ ಕುಳಿಗೆ ಸಿಡಿಮದ್ದು ತುಂಬಿ, ಮೇಲೆ ಮರಳು ಸುರಿದು, ಕಬ್ಬಿಣದ ಸಲಾಕೆಯಿಂದ ಗಟ್ಟಿಯಾಗಿ ಜಡಿಯುವುದು ಅಂದಿನ ಪದ್ಧತಿ. ಆ ಸಂಜೆ ಹಾಗೆ ಜಡಿಯುತ್ತಿರುವಾಗಲೇ ಮದ್ದು ಸಿಡಿಯಿತು. ಮೂರೂವರೆ ಅಡಿಗೂ ಮಿಕ್ಕಿ ಉದ್ದವಾಗಿದ್ದ, ಸುಮಾರು 6 ಕಿಲೋಗ್ರಾಂ ತೂಕದ ಸಲಾಕೆಯು ಆತನ ಎಡಗೆನ್ನೆಯನ್ನು ಹೊಕ್ಕು, ಎಡಗಣ್ಣಿನ ಹಿಂದೆ ಸಾಗಿ, ನೆತ್ತಿಯನ್ನು ಭೇದಿಸಿಕೊಂಡು ಹೊರಟು, ದೂರದಲ್ಲಿ ಬಿದ್ದಿತು.

ಗೇಜ್ ಸಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಮಾತನಾಡಿದನು. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು ಬಿಡಾರಕ್ಕೆ ಬಂದನು. ಜಾನ್ ಹಾರ್ಲೋ ಎಂಬ ಯುವ ವೈದ್ಯನು ಹಗಲಿರುಳೆನ್ನದೆ ಆರೈಕೆ ಮಾಡಿದನು. ಗಾಯವು ಕೀವುಗಟ್ಟಿ ರೋಗಿಯ ಆಸೆಯನ್ನೇ ಬಿಡಬೇಕಾದ ದಿನಗಳೂ ಬಂದವು. ಆದರೂ ಸುಮಾರು ಹತ್ತು ವಾರಗಳಲ್ಲಿ ಆತನು ತನ್ನ ಮನೆಗೆ ಮರಳಿದನು. ಎಡಗಣ್ಣಿನ ದೃಷ್ಟಿ ಹೋಗಿತ್ತು. ನಡೆಯುವ, ಮಾತನಾಡುವ, ನೆನಪಿಡುವ ಶಕ್ತಿಗಳು ಉಳಿದಿದ್ದವು.

ಹೋದದ್ದು ಬೇರೊಂದು. ಸಮಾಧಾನಿಯಾಗಿದ್ದವನು ಮುಂಗೋಪಿಯಾದನು, ಬಾಯಲ್ಲಿ ಕೀಳು ಮಾತು ಬಂದಿತು, ಇಂದು ಹೂಡಿದ ಯೋಜನೆಯನ್ನು ನಾಳೆ ಕೈಬಿಡುತ್ತಿದ್ದನು. ಬಲ್ಲವರಿಗೆ ಆತನು ಬೇರೆಯೇ ಮನುಷ್ಯನಾಗಿ ಕಂಡನು. ಹಳೆಯ ಕೆಲಸ ಮತ್ತೆ ದೊರೆಯಲಿಲ್ಲ. ತನ್ನನ್ನು ಸೀಳಿದ ಸಲಾಕೆಯನ್ನು ಮಾತ್ರ ಸದಾ ಜೊತೆಯಲ್ಲಿಟ್ಟುಕೊಂಡು ತಿರುಗಿದನು.

ಮುಂದಿನವರು ಈ ಬದಲಾವಣೆಗೆ ಬಣ್ಣ ಕಟ್ಟಿ ಆತನನ್ನು ಅಲೆಮಾರಿ, ದುಷ್ಟ ಎಂದೆಲ್ಲ ಚಿತ್ರಿಸಿದರು. ಇದು ಅನ್ಯಾಯವೇ ಸರಿ. ಕುದುರೆ ಲಾಯದಲ್ಲಿ ದುಡಿದ ಗೇಜ್ 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ತೆರಳಿ, ಅಲ್ಲಿ ಹಲವು ವರ್ಷ ಪ್ರಯಾಣಿಕರ ಸಾರೋಟನ್ನು ಹೊಡೆದನು. ಆರು ಕುದುರೆಗಳ ಲಗಾಮು ಹಿಡಿದು, ಏರಿಳಿತದ ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ಬಂಡಿ ಮುಟ್ಟಿಸುವುದು ವಿವೇಕಗೆಟ್ಟವನಿಂದ ಆಗುವ ಕೆಲಸವಲ್ಲ. ಕೆಟ್ಟ ಸ್ವಭಾವವು ಬಹುಮಟ್ಟಿಗೆ ತಿದ್ದಿಕೊಂಡಿರಬೇಕೆಂದು ಇತ್ತೀಚಿನ ವಿದ್ವಾಂಸರು ಊಹಿಸುತ್ತಾರೆ. ಆರೋಗ್ಯ ಕೆಟ್ಟು ಕ್ಯಾಲಿಫೋರ್ನಿಯದಲ್ಲಿದ್ದ ತಾಯಿಯ ಬಳಿಗೆ ಬಂದ ಆತನು, ಮೇಲಿಂದ ಮೇಲೆ ಸೆಳವು ಬಂದು, 1860ರ ಮೇ 21ರಂದು ತೀರಿಕೊಂಡನು.

ಶವಪರೀಕ್ಷೆ ನಡೆಯಲಿಲ್ಲ. ಕೆಲವು ವರ್ಷಗಳ ಮೇಲೆ ಹಾರ್ಲೋನ ಕೋರಿಕೆಯಂತೆ ಮನೆಯವರು ಗೋರಿಯಿಂದ ತಲೆಬುರುಡೆಯನ್ನು ತೆಗೆಸಿಕೊಟ್ಟರು. ಅದೂ ಸಲಾಕೆಯೂ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಗ್ರಹವನ್ನು ಸೇರಿದವು. ಹಣೆಯ ಹಿಂದಿರುವ ಮಿದುಳಿನ ಮುಂಭಾಗದ ಹಾಲೆಗಳಿಗೂ ಮನುಷ್ಯನ ನಡತೆಗೂ ಸಂಬಂಧವುಂಟೆಂಬ ವಿಚಾರಕ್ಕೆ ಈ ಬುರುಡೆಯೇ ಬಹುಕಾಲ ಸಾಕ್ಷಿಯಾಯಿತು.

1994ರಲ್ಲಿ ವಿಜ್ಞಾನಿಗಳು ಬುರುಡೆಯ ಎಕ್ಸ್-ರೇ ಚಿತ್ರಗಳನ್ನೂ ಅಳತೆಗಳನ್ನೂ ಕಂಪ್ಯೂಟರಿಗೆ ಕೊಟ್ಟು ಸಲಾಕೆಯ ದಾರಿಯನ್ನು ಗುರುತಿಸಿದರು; ಎಡ ಬಲ ಎರಡೂ ಹಾಲೆಗಳು ಜಖಂಗೊಂಡವೆಂದು ಹೇಳಿದರು. 2004ರಲ್ಲಿ ಪ್ರಕಟವಾದ ಸಿ.ಟಿ. ಸ್ಕ್ಯಾನ್ ಅಧ್ಯಯನವು ಅದನ್ನು ತಿದ್ದಿ, ಪೆಟ್ಟು ಎಡಭಾಗಕ್ಕೆ ಮಾತ್ರ ಎಂದಿತು. 2012ರ ಲೆಕ್ಕದಂತೆ ಮಿದುಳಿನ ಹೊರಪದರದ ನೂರಕ್ಕೆ ಸುಮಾರು 4 ಪಾಲು ಹಾಳಾಗಿದ್ದರೆ, ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ನರತಂತುಗಳಲ್ಲಿ ನೂರಕ್ಕೆ ಸುಮಾರು 11 ಪಾಲು ಕಡಿದಿತ್ತು. ಇಂದು ಇಂತಹ ಪೆಟ್ಟು ಬಿದ್ದವರ ಮಿದುಳನ್ನು ಅವರು ಬದುಕಿರುವಾಗಲೇ ಚಿತ್ರ ತೆಗೆದು ನೋಡಬಹುದು. ದಿಢೀರನೆ ಒರಟಾದವನನ್ನು ಬೈದು ದೂರವಿಡುವ ಮುನ್ನ ವೈದ್ಯರು ಆ ಚಿತ್ರವನ್ನು ಕೇಳುತ್ತಾರೆ. ಗೇಜ್‌ನ ಮಿದುಳನ್ನಾದರೋ ಸತ್ತ ಮೇಲೆ ಯಾರೂ ಪರೀಕ್ಷಿಸಲಿಲ್ಲ. ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ತೂತು ಬಿದ್ದ ಬುರುಡೆ ಮತ್ತು ಸಲಾಕೆ ಮಾತ್ರ.