ಹಲ್ಲಿನ ಸಂದಿಗೆ ನೂಲು ಹೊಸೆದ ಡಾ. ಬಾಸ್

ಮಲೇರಿಯಾ ಜ್ವರದ ಚರಿತ್ರೆಯನ್ನು ಓದಿದವರಿಗೆ ಡಾ. ಚಾರ್ಲ್ಸ್ ಕ್ಯಾಸಿಡಿ ಬಾಸ್ ಅವರ ಹೆಸರು ಹೊಸತಲ್ಲ. ಕೊಕ್ಕೆಹುಳದ ವಿಚಾರ ಬಲ್ಲವರೂ ಅವರನ್ನು ಬಲ್ಲರು. ಆದರೆ ದಂತವೈದ್ಯರ ಬಳಗ ಅವರನ್ನು ಇಂದಿಗೂ ನೆನೆಯುವುದು ಇವೆರಡಕ್ಕಾಗಿ ಅಲ್ಲ. ಹಲ್ಲು ಹಲ್ಲುಗಳ ನಡುವಿನ ಸಂದಿಯನ್ನು ಶುಚಿ ಮಾಡುವ ಒಂದೆಳೆ ನೂಲಿಗಾಗಿ. ದಂತವೈದ್ಯರೇ ಅಲ್ಲದ ಈ ಮನುಷ್ಯ, ನಿವೃತ್ತರಾಗಿ ಮನೆ ಸೇರಬೇಕಾದ ವಯಸ್ಸಿನಲ್ಲಿ ಕೈಗೆತ್ತಿಕೊಂಡ ಕೆಲಸ ಅದು.

ಬಾಸ್ ಹುಟ್ಟಿದ್ದು 1875ರಲ್ಲಿ, ಅಮೇರಿಕದ ಮಿಸಿಸಿಪ್ಪಿ ರಾಜ್ಯದ ಒಂದು ಹಳ್ಳಿಯಲ್ಲಿ. 1899ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ತಮ್ಮ ಸೀಮೆಯಲ್ಲೇ ಹಳ್ಳಿ ವೈದ್ಯರಾಗಿ ನಿಂತರು. ಸೂಕ್ಷ್ಮದರ್ಶಕದ ಹುಚ್ಚು ಅವರಿಗೆ ಹತ್ತಿದ್ದು ಆಗಲೇ. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವ ಬಡವರು ರಕ್ತವಿಲ್ಲದೆ ಬಿಳಿಚಿಕೊಂಡು ಸೋಮಾರಿಗಳೆಂಬ ಹೆಸರು ಹೊತ್ತಿದ್ದರಲ್ಲ, ಅದಕ್ಕೆ ಕಾರಣ ಸೋಮಾರಿತನವಲ್ಲ, ಕರುಳಲ್ಲಿ ಕಚ್ಚಿಕೊಂಡ ಕೊಕ್ಕೆಹುಳ ಎಂಬುದನ್ನು ಆ ಪ್ರಾಂತದಲ್ಲಿ ಎತ್ತಿ ತೋರಿಸಿದವರಲ್ಲಿ ಬಾಸ್ ಒಬ್ಬರು. ಜಾರ್ಜ್ ಡಾಕ್ ಅವರೊಡನೆ ಸೇರಿ 1910ರಲ್ಲಿ ಈ ರೋಗದ ಬಗ್ಗೆ ಗ್ರಂಥವನ್ನೂ ಬರೆದರು. ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ನಡೆದ ನಮ್ಮ ಹಿರಿಯರಿಗೆ ಈ ಹುಳದ ಪರಿಚಯ ಮಾಡಿಸಬೇಕಾಗಿಲ್ಲ.

1912ರಲ್ಲಿ ಅವರೂ ಅವರ ಜೊತೆಗಾರ ಫಾಸ್ಟರ್ ಜಾನ್ಸ್ ಅವರೂ ಮಲೇರಿಯಾದ ರೋಗಾಣುವನ್ನು ಮನುಷ್ಯನ ದೇಹದ ಹೊರಗೆ, ಗಾಜಿನ ನಳಿಗೆಯಲ್ಲಿ ಬೆಳೆಸಿ ತೋರಿಸಿದರು. ರೋಗಿಯ ರಕ್ತಕ್ಕೆ ದ್ರಾಕ್ಷಾಸಕ್ಕರೆ ಬೆರೆಸಿ, ಜ್ವರದ ಮೈಯಷ್ಟೇ ಬಿಸಿಯಲ್ಲಿ ಇರಿಸುವುದು ಅವರ ಉಪಾಯ. ಬೆಳೆ ಬಹಳ ದಿನ ಬಾಳುತ್ತಿರಲಿಲ್ಲ. ಆದರೂ ಅಲ್ಲಿಯವರೆಗೆ ಯಾರಿಗೂ ಸಾಧಿಸದ ಕೆಲಸವದು.

ಆ ಬಳಿಕ ಇಬ್ಬರೂ ಹಲ್ಲಿನತ್ತ ತಿರುಗಿದರು. ಒಸಡಿನಲ್ಲಿ ಕೀವು ತುಂಬಿ, ಹುಳುಕಿಲ್ಲದ ಗಟ್ಟಿ ಹಲ್ಲೂ ಅಲುಗಾಡಿ ಉದುರುವ ರೋಗವುಂಟಷ್ಟೆ? ಪಯೋರಿಯಾ ಎಂಬ ಹೆಸರಲ್ಲಿ ನಮ್ಮವರೂ ಕೇಳಿದ್ದಾರೆ. ಬಾಯಿಯಲ್ಲಿ ವಾಸಿಸುವ ಒಂದು ಜಾತಿಯ ಅಮೀಬವೇ ಅದಕ್ಕೆ ಕಾರಣವೆಂದೂ, ಎಮೆಟಿನ್ ಮದ್ದಿನಿಂದ ಅದನ್ನು ಕೊಂದರೆ ರೋಗ ವಾಸಿಯೆಂದೂ ಅವರು ವಾದಿಸಿ 1915ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಆ ವಾದ ನಿಲ್ಲಲಿಲ್ಲ. ಗೆದ್ದ ಕತೆಯನ್ನು ಮಾತ್ರ ಹೇಳುವ ಜೀವನಚರಿತ್ರೆಗಳು ಇದನ್ನು ಮುಚ್ಚಿಡುತ್ತವೆ. ನಮಗಾದರೋ ಬಾಸ್ ಅವರ ಬಾಳಿನಲ್ಲಿ ಹೆಚ್ಚು ಮೆಚ್ಚುಗೆಯಾಗುವುದು ಇದೇ ಭಾಗ. ಮೂವತ್ತು ವರ್ಷ ಕಳೆದು ಅದೇ ಒಸಡಿನ ಬುಡಕ್ಕೆ ಅವರು ಮರಳಿ ಬಂದರು, ಈ ಸಲ ಮದ್ದು ಹಿಡಿದುಕೊಂಡಲ್ಲ.

1922ರಿಂದ 1940ರ ತನಕ ಅವರು ಟುಲೇನ್ ವೈದ್ಯಕೀಯ ಶಾಲೆಯ ಡೀನರಾಗಿದ್ದರು. ನಿವೃತ್ತರಾಗುವಾಗ ಅವರ ಸ್ವಂತ ಒಸಡುಗಳೇ ಕೆಟ್ಟಿದ್ದುವೆಂದು ಹೇಳುತ್ತಾರೆ. ಇತರರಾದರೆ ಕಟ್ಟುಹಲ್ಲು ಮಾಡಿಸಿಕೊಂಡು ಸುಮ್ಮನಾಗುತ್ತಿದ್ದರು. ಬಾಸ್ ಕಿತ್ತ ಹಲ್ಲುಗಳನ್ನು ಸಂಗ್ರಹಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೊಳೆ ಎಲ್ಲಿ ಕೂರುತ್ತದೆಂದು ನೋಡಿದರು. ಎರಡು ಹಲ್ಲುಗಳು ತಾಗುವಲ್ಲಿ ಮತ್ತು ಒಸಡಿನ ಅಂಚಿನ ಒಳಗೆ, ಅಂದರೆ ಬ್ರಶ್ಶೂ ತಲಪದ, ಬೆರಳೂ ತಲಪದ ಎಡೆಯಲ್ಲಿ, ರೋಗಾಣುಗಳ ಪದರ ಗಟ್ಟಿಯಾಗಿ ಅಂಟಿಕೊಂಡಿರುವುದನ್ನು ಕಂಡರು. ಬಾಯಿ ಮುಕ್ಕಳಿಸಿದರೆ ಅದು ಹೋಗುವುದಿಲ್ಲ, ಕೆರೆದೇ ತೆಗೆಯಬೇಕು.

ಕೆರೆಯುವುದಕ್ಕೆ ಏನು ಉಪಕರಣ? ರೇಷ್ಮೆ ನೂಲು ಆಗಲೇ ಇತ್ತು. ಅದೇ ನ್ಯೂ ಆರ್ಲಿಯನ್ಸಿನಲ್ಲಿ ವೃತ್ತಿ ನಡೆಸಿದ ಲೆವಿ ಪಾರ್ಮ್ಲಿ ಎಂಬ ದಂತವೈದ್ಯರು 1819ರ ತಮ್ಮ ಪುಸ್ತಕದಲ್ಲಿ ಮೇಣ ಸವರಿದ ರೇಷ್ಮೆ ಎಳೆಯನ್ನು ಹಲ್ಲಿನ ಸಂದಿಯಲ್ಲಿ ಆಡಿಸಬೇಕೆಂದು ಹೇಳಿದ್ದರು. 1882ರಲ್ಲಿ ಅದು ಮಾರಾಟಕ್ಕೂ ಬಂತು. ಆದರೆ ರೇಷ್ಮೆಯ ಎಳೆ ಬೇಗ ಕಿತ್ತು ಹಲ್ಲಿನ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತಾಗ ಅದೂ ದುರ್ಲಭವಾಯಿತು.

ಬಾಸ್ ನೈಲಾನನ್ನು ಹಿಡಿದರು. ನೂಲುಗಳನ್ನು ಒಂದೊಂದಾಗಿ ಪರೀಕ್ಷಿಸಿ 1948ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮೇಣ ಬೇಡ, ಬಿಗಿಯಾಗಿ ಹೊಸೆಯುವುದೂ ಬೇಡ. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಸುಮಾರು 170 ಎಳೆಗಳನ್ನು ಸಡಿಲಾಗಿ ಕೂಡಿಸಿದರೆ ಸಾಕು. ಹಗ್ಗದಂತೆ ಉರುಟಾಗಿರುವ ನೂಲು ಹಲ್ಲಿನ ಮೇಲೆ ಉರುಳಿ ಜಾರುತ್ತದೆ; ಸಡಿಲ ನೂಲು ಪಟ್ಟಿಯಂತೆ ಹರಡಿಕೊಂಡು, ಪ್ರತಿಯೊಂದು ಎಳೆಯೂ ತನ್ನ ಪಾಲಿನ ಕೊಳೆಯನ್ನು ಕೆರೆಯುತ್ತದೆ. ಬ್ರಶ್ಶಿಗೂ ಅವರು ಲೆಕ್ಕ ಹಾಕಿದರು. ಕೂದಲಿನ ದಪ್ಪ ಒಂದು ಅಂಗುಲದ ಸಾವಿರದಲ್ಲಿ ಏಳು ಪಾಲು, ತುದಿ ಚೂಪಾಗಿರದೆ ಉರುಟಾಗಿರಬೇಕು, ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲನೆ ಅಲುಗಿಸಬೇಕು. ಇಂದು ದಂತವೈದ್ಯರು ಕಲಿಸುವ ಬಾಸ್ ಕ್ರಮ ಇದೇ. ರಾತ್ರಿ ಮಲಗುವ ಮುನ್ನ ಒಮ್ಮೆ ಪೂರ್ಣವಾಗಿ ಶುಚಿ ಮಾಡುವುದೇ ಮುಖ್ಯವೆಂಬುದು ಅವರ ಪಟ್ಟು. ನಾವೋ ಬೆಳಿಗ್ಗೆ ತಿಕ್ಕಿ, ರಾತ್ರಿ ಎಲೆಯಡಿಕೆ ಹಾಕಿ ಮಲಗುವ ಜನ.

ನಮ್ಮ ಕಡೆ ಈ ಕೆಲಸಕ್ಕೆ ಇರುವುದು ಹಿಡಿಸೂಡಿಯ ಕಡ್ಡಿ. ಅದಿಲ್ಲವಾದರೆ ಹೆಂಗಸರ ಬಳೆಯಲ್ಲಿ ತೂಗುವ ಸೇಫ್ಟಿ ಪಿನ್ನು. ಗೋವೆಯ ಸಾವರ್ಡೆಯ ಮಾತನ್ನೂ ಇಲ್ಲಿ ಹೇಳಬೇಕು. ಕ್ಯಾಸಲ್‌ರಾಕಿನಿಂದ ಘಟ್ಟ ಇಳಿದ ರೈಲು ಕುಳೆ ದಾಟಿ ಸಾವರ್ಡೆ ತಲಪುತ್ತದೆ. ಆ ಹಾದಿಯಲ್ಲಿ ಅದಿರಿನ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡ ಸಂಸಾರಗಳು ಅಲ್ಲಿ ಬೇಕಾದಷ್ಟಿವೆ. ಗಣಿ 2012ರಲ್ಲಿ ನಿಂತ ಮೇಲೂ ಊರು ಬಿಡದವರಿದ್ದಾರೆ. ಅಲ್ಲಿಯ ಹೋಟೆಲುಗಳ ಗಲ್ಲಾದ ಮೇಲೆ ಬಡೆಸೋಪಿನ ಪಕ್ಕದಲ್ಲಿ ಹಲ್ಲುಕಡ್ಡಿಯ ಡಬ್ಬಿ ಇದ್ದೇ ಇರುತ್ತದೆ. 1961ರ ತನಕ ಅಲ್ಲಿ ಆಳಿದ ಪೋರ್ಚುಗೀಸರು ಕಡ್ಡಿಯನ್ನು ಪಾಲಿತು ಎಂದು ಕರೆದು, ತಮ್ಮ ದೇಶದಲ್ಲಿ ಅದನ್ನು ಕೈಯಿಂದ ಕೆತ್ತುವುದನ್ನೇ ಕಸುಬಾಗಿ ಬೆಳೆಸಿದ್ದರು. ಕಡ್ಡಿಗೆ ಅಂಥ ಮರ್ಯಾದೆ. ಆದರೆ ಸಿಕ್ಕಿಕೊಂಡ ಅಡಿಕೆಯ ಚೂರನ್ನು ಕೀಳುವುದಕ್ಕೆ ಮಾತ್ರ ಅದು ಸಾಕು. ಅಂಟಿದ ಪದರವನ್ನು ಅದು ಬಿಡಿಸದು. ಪಿನ್ನಂತೂ ಒಸಡನ್ನು ಚುಚ್ಚಿ ಗಾಯ ಮಾಡುತ್ತದೆ.

ಬಾಸ್ ಅವರ ಎಲ್ಲ ಮಾತೂ ಕೊನೆಯ ಮಾತಾಗಿ ಉಳಿದಿಲ್ಲ. ಮೇಣವಿದ್ದ ನೂಲಿಗೂ ಇಲ್ಲದ್ದಕ್ಕೂ ಹೆಚ್ಚಿನ ಅಂತರವಿಲ್ಲವೆಂದು ಆಮೇಲಿನ ಪರೀಕ್ಷೆಗಳು ಹೇಳಿದುವು. ಹಲ್ಲುಗಳ ನಡುವೆ ಎಡೆ ಬಿಟ್ಟಿರುವ ವಯಸ್ಸಾದವರಿಗೆ ನೂಲಿಗಿಂತ ಪುಟ್ಟ ಸಂದು ಬ್ರಶ್ಶೇ ಮೇಲು ಎಂಬುದು ಇಂದಿನ ದಂತವೈದ್ಯರ ಅಭಿಪ್ರಾಯ. ಸಣ್ಣ ತಂತಿಯ ಸುತ್ತ ಕೂದಲು ನೆಟ್ಟ ಈ ಬ್ರಶ್ಶು ಹಲವು ಅಳತೆಗಳಲ್ಲಿ ದೊರೆಯುತ್ತದೆ. ಯಾವ ಸಂದಿಗೆ ಯಾವ ಅಳತೆಯೆಂದು ವೈದ್ಯರನ್ನೇ ಕೇಳಿ ಕೊಳ್ಳುವುದು ಲೇಸು. ಎಲೆಯಡಿಕೆಯನ್ನು ಪುಟ್ಟ ಒರಳಿನಲ್ಲಿ ಕುಟ್ಟಿ ಅಜ್ಜನಿಗೆ ಕೊಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹಲ್ಲು ಉದುರುವುದು ವಯಸ್ಸಿನ ಧರ್ಮವೆಂದೇ ಅಲ್ಲಿ ನಂಬಿಕೆ. ಬಾಸ್ ಒಪ್ಪದೆ ಹೋದದ್ದು ಅದನ್ನೇ.

ಅವರು 1975ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಮಲೇರಿಯಾದ ರೋಗಾಣುವನ್ನು ಎಡೆಬಿಡದೆ ಬೆಳೆಸುವ ಕ್ರಮ ಕೈಗೂಡಿದುದು ಅದರ ಮರುವರ್ಷ, 1976ರಲ್ಲಿ, ಟ್ರೇಗರ್ ಮತ್ತು ಜೆನ್ಸನ್ ಎಂಬವರಿಂದ.