ಅಪ್ಪಣೆಗಾಗಿ ಕಾದ ಕವಿ

1869ರ ಜನವರಿ 25ರಿಂದ ಜುಲೈ 25ರವರೆಗೆ, ಸರಿಯಾಗಿ ಆರು ತಿಂಗಳು, ಯುವಕನೊಬ್ಬ ಕಣ್ಣು ತಗ್ಗಿಸಿಕೊಂಡೇ ಬದುಕಿದ. ಲಂಡನ್ ಪಕ್ಕದ ರೋಹ್ಯಾಂಪ್ಟನ್‌ನಲ್ಲಿದ್ದ ಮನ್ರೇಸಾ ಹೌಸ್ ಎಂಬ ಜೆಸ್ವಿಟ್ ಮಠದಲ್ಲಿ ಪಾದ್ರಿಯಾಗಲು ಅವನು ತರಬೇತಿ ಪಡೆಯುತ್ತಿದ್ದ. ವಯಸ್ಸು 24. ಎಲೆ, ಮೋಡ, ಮರದ ತೊಗಟೆ ಯಾವುದನ್ನು ಕಂಡರೂ ನಿಂತು ನೋಡುವ ಸ್ವಭಾವ ಅವನದು. ಆ ಅರ್ಧ ವರ್ಷ ಮಾತ್ರ ಪ್ರಾಯಶ್ಚಿತ್ತದ ಕಾರಣ ತನಗೆ ಹೆಚ್ಚೇನೂ ನೋಡಲಾಗಲಿಲ್ಲ ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಅವನ ಹೆಸರು ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್. ಇಂಗ್ಲಿಷ್ ಎಂಎ ಓದಿದವರಿಗೆ ಪರಿಚಯದ ಹೆಸರು. ತರಗತಿಯಲ್ಲಿ ನಮಗೆಲ್ಲ ಅವನ ಕವಿತೆ ಕಬ್ಬಿಣದ ಕಡಲೆ. ನನಗೆ ಕವಿತೆಗಿಂತ ಮೊದಲು ಹತ್ತಿರವಾಗಿದ್ದು ಅವನ ಬದುಕು. ನಾನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ನನ್ನ ಮನಸ್ಸು ಸೆಳೆಯುವುದು ಹುಡುಗಿಯರ ಕಡೆಗಲ್ಲ. ಈ ಎರಡೂ ಒಬ್ಬನಲ್ಲೇ ಇರಬಹುದೇ ಎಂಬ ಪ್ರಶ್ನೆ ನನ್ನೊಳಗೆ ವರ್ಷಗಳಿಂದ ಇತ್ತು. ಅದೇ ಪ್ರಶ್ನೆ ಹೊತ್ತು ಬದುಕಿದವನೊಬ್ಬ ನೂರೈವತ್ತು ವರ್ಷಗಳ ಹಿಂದೆಯೇ ಇದ್ದ ಎಂದು ತಿಳಿದಾಗ ಹುಡುಕಿ ಹುಡುಕಿ ಓದಿದೆ.

ಹಾಪ್ಕಿನ್ಸ್ ಹುಟ್ಟಿದ್ದು 1844ರ ಜುಲೈ 28ರಂದು, ಎಸೆಕ್ಸ್‌ನ ಸ್ಟ್ರಾಟ್‌ಫರ್ಡ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯ. ತಂದೆ ಹಡಗು ವಿಮೆಯ ವ್ಯವಹಾರದವರು. ಮನೆಯವರೆಲ್ಲ ಆಂಗ್ಲಿಕನ್ ಚರ್ಚಿನ ಭಕ್ತರು. 1863ರಲ್ಲಿ ಅವನು ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜು ಸೇರಿದ. ಮುಂದೆ ಆಸ್ಥಾನಕವಿಯಾದ ರಾಬರ್ಟ್ ಬ್ರಿಜಸ್ ಗೆಳೆಯನಾಗಿದ್ದು ಅಲ್ಲೇ. 1865ರಲ್ಲಿ ಬ್ರಿಜಸ್‌ನ ದೂರದ ನೆಂಟ ಡಿಗ್ಬಿ ಡಾಲ್ಬೆನ್ ಆಕ್ಸ್‌ಫರ್ಡ್‌ಗೆ ಬಂದ. ಹದಿನೇಳರ ಹುಡುಗ. ಕವಿತೆ ಬರೆಯುತ್ತಿದ್ದ, ಸನ್ಯಾಸಿಯ ನಿಲುವಂಗಿ ತೊಟ್ಟು ಓಡಾಡುವಷ್ಟು ಭಕ್ತಿಯ ಹುಚ್ಚು. ಅವರ ಭೇಟಿ ಕೆಲವೇ ದಿನಗಳದ್ದು. ಹಾಪ್ಕಿನ್ಸ್ ಮನಸ್ಸಿನಲ್ಲಿ ಮಾತ್ರ ಅವನು ಉಳಿದುಬಿಟ್ಟ.

ಆ ದಿನಗಳಲ್ಲಿ ಹಾಪ್ಕಿನ್ಸ್ ಪಾಪನಿವೇದನೆಗೆಂದು ತನ್ನ ತಪ್ಪುಗಳನ್ನು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಓದಿನಲ್ಲಿ ಸೋಮಾರಿತನ, ಊಟದಲ್ಲಿ ಅತಿಯಾಸೆ ಇಂಥವುಗಳ ನಡುವೆ ಗಂಡಸರನ್ನು, ಹುಡುಗರನ್ನು ನೋಡಿ ಮನಸ್ಸು ಚಂಚಲವಾದ ಸಂಗತಿಗಳೂ ಇವೆ. ಡಾಲ್ಬೆನ್ ನೆನಪೂ ಇದೆ. ಅವನ ದಿನಚರಿ ಅಚ್ಚಾದಾಗ ಈ ಟಿಪ್ಪಣಿಗಳನ್ನು ಕೈಬಿಟ್ಟಿದ್ದರು. ಓದುಗರ ಕೈಗೆ ಸಿಗಲು ದಶಕಗಳೇ ಬೇಕಾದವು. ಸಲಿಂಗಿ ಎಂಬ ಮಾತನ್ನು ಅವನು ತನ್ನ ಬಗ್ಗೆ ಎಂದೂ ಬಳಸಿಲ್ಲ, ಅಂಥ ಪದವೇ ಆಗ ಬಳಕೆಯಲ್ಲಿರಲಿಲ್ಲ. ಅವನಿಗೆ ಗೊತ್ತಿದ್ದ ಹೆಸರು ಪಾಪ ಒಂದೇ. ಕಾನೂನಿಗೆ ಗೊತ್ತಿದ್ದ ಹೆಸರು ಅಪರಾಧ. ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಲೈಂಗಿಕ ಸಂಬಂಧಕ್ಕೆ ಇದ್ದ ಮರಣದಂಡನೆಯನ್ನು ತೆಗೆದದ್ದು 1861ರಲ್ಲಿ. ಬದಲಿಗೆ ಬಂದದ್ದು ಜೀವಾವಧಿಯವರೆಗಿನ ಸೆರೆವಾಸ. ಅದಕ್ಕೆ ಒಂದು ವರ್ಷ ಮೊದಲು ಅದೇ ಬ್ರಿಟಿಷರು ನಮ್ಮ ದಂಡಸಂಹಿತೆಗೆ 377ನೇ ಕಲಂ ಸೇರಿಸಿದ್ದರು. ಹಾಪ್ಕಿನ್ಸ್‌ನನ್ನು ಹೆದರಿಸಿದ ಕಾಲವೇ ನಮಗೂ ಕಾನೂನು ಬರೆದುಕೊಟ್ಟಿತು.

1865ರ ನವೆಂಬರ್ 6ರಂದು ಅವನೊಂದು ನಿರ್ಧಾರ ಮಾಡಿದ. ದೇವರ ಅಪ್ಪಣೆ ಸಿಗುವ ತನಕ ಸೌಂದರ್ಯವನ್ನೆಲ್ಲ ಬಿಟ್ಟುಬಿಡುವುದು. ನನ್ನ ಮಟ್ಟಿಗೆ ಅವನ ಇಡೀ ಬದುಕು ಈ ಅಪ್ಪಣೆಯ ಕಥೆ. ಮರುವರ್ಷ ಅಕ್ಟೋಬರ್‌ನಲ್ಲಿ ಜಾನ್ ಹೆನ್ರಿ ನ್ಯೂಮನ್ ಅವರ ಕೈಯಲ್ಲಿ ಕ್ಯಾಥೊಲಿಕ್ ಸಭೆ ಸೇರಿದ. ಹೆತ್ತವರಿಗೆ ಅದು ದೊಡ್ಡ ಆಘಾತ. 1867ರ ಜೂನ್‌ನಲ್ಲಿ ಡಾಲ್ಬೆನ್ ನದಿಯಲ್ಲಿ ಮುಳುಗಿ ತೀರಿಕೊಂಡ, ಆಗಿನ್ನೂ 19. ಅದರ ಮುಂದಿನ ಮೇ ತಿಂಗಳಲ್ಲಿ ಹಾಪ್ಕಿನ್ಸ್ ತನ್ನ ಕವಿತೆಗಳನ್ನು ಸುಟ್ಟ. ಗೆಳೆಯರ ಬಳಿ ಪ್ರತಿಗಳಿದ್ದವು ಉಳಿದವು. ಸೆಪ್ಟೆಂಬರ್‌ನಲ್ಲಿ ಜೆಸ್ವಿಟ್ ಮಠದ ಬಾಗಿಲು ತಟ್ಟಿದ.

ಜೆಸ್ವಿಟರು ನಮ್ಮ ಕಡೆಯವರಿಗೆ ಹೊಸಬರಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಕಟ್ಟಿದವರು ಅವರೇ, 1880ರಲ್ಲಿ. ಅವರ ತರಬೇತಿ ಬಲು ದೀರ್ಘ. ಹಾಪ್ಕಿನ್ಸ್ ಎರಡು ವರ್ಷ ರೋಹ್ಯಾಂಪ್ಟನ್‌ನಲ್ಲಿದ್ದು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟ. ಬಳಿಕ ಸ್ಟೋನಿಹರ್ಸ್ಟ್‌ನಲ್ಲಿ ಮೂರು ವರ್ಷ ತತ್ತ್ವಶಾಸ್ತ್ರ. ಪ್ರಾಯಶ್ಚಿತ್ತ ಮುಗಿದಿತ್ತು, ಕಣ್ಣು ಮತ್ತೆ ಮೇಲೆದ್ದಿತ್ತು. ಕವಿತೆ ಬರೆಯದಿದ್ದರೂ ಹೂವು, ಹಿಮ, ಮೋಡಗಳ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಬರೆದ. ಪ್ರತಿ ವಸ್ತುವನ್ನೂ ಅದೇ ವಸ್ತುವನ್ನಾಗಿ ಹಿಡಿದಿಡುವ ಒಳರೂಪಕ್ಕೆ ಇನ್‌ಸ್ಕೇಪ್ ಎಂಬ ತಾನೇ ಕಟ್ಟಿದ ಪದ ಬಳಸಿದ.

1872ರ ಆಗಸ್ಟ್‌ನಲ್ಲಿ ಡನ್ಸ್ ಸ್ಕೋಟಸ್‌ನ ಪುಸ್ತಕ ಕೈಗೆ ಬಂತು. ಸ್ಕೋಟಸ್ ಮಧ್ಯಯುಗದ ಫ್ರಾನ್ಸಿಸ್ಕನ್ ಸನ್ಯಾಸಿ. ಮನುಷ್ಯ ಎಂಬ ಸಾಮಾನ್ಯ ಸ್ವರೂಪದ ಜೊತೆಗೆ ಪ್ರತಿ ಜೀವಕ್ಕೂ ಅದರದೇ ಆದ ಒಂದು ತನವಿದೆ, ಆ ತನವೂ ದೇವರ ಸೃಷ್ಟಿಯೇ ಎಂಬುದು ಅವನ ವಿಚಾರದ ಸಾರ. ಹಾಪ್ಕಿನ್ಸ್ ಹಿಗ್ಗಿದ. ದೇವರಿಗಾಗಿ ಬಿಟ್ಟುಬಿಡಬೇಕು ಅಂದುಕೊಂಡಿದ್ದ ಲೋಕ ದೇವರನ್ನೇ ತೋರಿಸುವ ಲೋಕವಾಯಿತು. ಸ್ಕೋಟಸ್ ಸಲಿಂಗಾಕರ್ಷಣೆಯನ್ನು ಒಪ್ಪಿದ ಎಂದು ನಾನು ಹೇಳುತ್ತಿಲ್ಲ. ನಾನು ನಾನಾಗಿರುವುದೇ ದೇವರ ಕೈತಪ್ಪು ಅಲ್ಲ ಎಂಬ ಒಂದು ಮಾತು ಎಷ್ಟು ಭಾರ ಇಳಿಸುತ್ತದೆ ಎಂಬುದು ಮಾತ್ರ ನನಗೆ ಗೊತ್ತು.

1874ರಲ್ಲಿ ದೇವಶಾಸ್ತ್ರ ಓದಲು ವೇಲ್ಸ್‌ನ ಸೇಂಟ್ ಬೈನೋಸ್‌ಗೆ ಹೋದ. ಮರುವರ್ಷ ಡಿಸೆಂಬರ್‌ನಲ್ಲಿ ಡಾಯ್ಚ್‌ಲಾಂಡ್ ಎಂಬ ಹಡಗು ಥೇಮ್ಸ್ ನದೀಮುಖದ ಬಳಿ ಒಡೆಯಿತು. ಜರ್ಮನಿಯ ಕಾನೂನಿನಿಂದ ಗಡಿಪಾರಾದ ಐವರು ಸನ್ಯಾಸಿನಿಯರು ಅದರಲ್ಲಿ ಸತ್ತರು. ಯಾರಾದರೂ ಇದರ ಬಗ್ಗೆ ಕವಿತೆ ಬರೆಯಬೇಕು ಎಂದು ಮಠದ ಹಿರಿಯರು ಹೇಳಿದ್ದಷ್ಟೇ, ಏಳು ವರ್ಷದ ಮೌನ ಒಡೆದು 35 ಪದ್ಯಗಳ ಕವಿತೆ ಬಂತು. ಕಾಯುತ್ತಿದ್ದ ಅಪ್ಪಣೆ ಹೀಗೆ ಸಿಕ್ಕಿತು. 1877ರಲ್ಲಿ, ಗುರುದೀಕ್ಷೆಯ ವರ್ಷ, ಸಾನೆಟ್ಟುಗಳು ಒಂದರ ಹಿಂದೊಂದು ಹುಟ್ಟಿದವು. ಗಾಳಿಯಲ್ಲಿ ತೇಲುವ ಗಿಡುಗವನ್ನು ಕಂಡು ಬರೆದ ದಿ ವಿಂಡ್‌ಹೋವರ್ ಕ್ರಿಸ್ತನಿಗೆ ಅರ್ಪಿತ. ಮಿಂಚುಳ್ಳಿ, ಏರೋಪ್ಲೇನ್ ಚಿಟ್ಟೆಗಳಿಂದ ಶುರುವಾಗುವ ಇನ್ನೊಂದು ಸಾನೆಟ್ಟಿನಲ್ಲಿ ಮನುಷ್ಯರ ಚೆಲುವಿನಲ್ಲೇ ಕ್ರಿಸ್ತ ಕಾಣಿಸಿಕೊಳ್ಳುತ್ತಾನೆ. ಒಂದು ಕಾಲದಲ್ಲಿ ಪಾಪದ ಪಟ್ಟಿಗೆ ಹೋಗುತ್ತಿದ್ದ ನೋಟ ಇಲ್ಲಿ ಪ್ರಾರ್ಥನೆಯಾಗಿದೆ.

ಕಥೆ ಇಲ್ಲಿಗೆ ಸುಖಾಂತ್ಯವಾಗಿದ್ದರೆ ಚೆನ್ನಾಗಿತ್ತು. ಅದೇ ವರ್ಷ ದೇವಶಾಸ್ತ್ರದ ಪರೀಕ್ಷೆಯಲ್ಲಿ ಅವನಿಗೆ ಮುಂದಿನ ವರ್ಷದ ಓದಿಗೆ ಬೇಕಾದಷ್ಟು ಅಂಕ ಬರಲಿಲ್ಲ. ಸ್ಕೋಟಸ್ ಮೇಲಿನ ಒಲವೇ ಕಾರಣ ಎಂದು ಅನೇಕರು ಬರೆದಿದ್ದಾರೆ. ಆಕ್ಸ್‌ಫರ್ಡ್, ಲಿವರ್‌ಪೂಲ್, ಗ್ಲಾಸ್ಗೋ ಎಂದು ಊರೂರು ಸುತ್ತಿದ. 1882ರಲ್ಲಿ ಬ್ರಿಜಸ್‌ಗೆ ಬರೆದ ಪತ್ರದಲ್ಲಿ, ತನ್ನ ಮನಸ್ಸು ಬದುಕಿರುವ ಬೇರೆಲ್ಲರಿಗಿಂತ ವಾಲ್ಟ್ ವಿಟ್‌ಮನ್‌ನ ಮನಸ್ಸಿಗೆ ಹೋಲುತ್ತದೆ ಎಂದು ಒಪ್ಪಿಕೊಂಡ. ಆದರೆ ವಿಟ್‌ಮನ್ ಕೆಟ್ಟವನು, ಹಾಗಾಗಿ ಅವನನ್ನು ಓದುವ ಆಸೆಯಿದ್ದರೂ ಓದುವುದಿಲ್ಲ ಎಂದೂ ಸೇರಿಸಿದ. ಗಂಡಸರ ಪ್ರೀತಿಯನ್ನು ಬಾಯಿಬಿಟ್ಟು ಹಾಡಿದ ಕವಿ ವಿಟ್‌ಮನ್. ಹಾಪ್ಕಿನ್ಸ್‌ಗೆ ತನ್ನ ಬಗ್ಗೆ ಎಷ್ಟು ಗೊತ್ತಿತ್ತು ಎಂಬುದಕ್ಕೆ ಈ ಪತ್ರಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

1884ರಲ್ಲಿ ಡಬ್ಲಿನ್‌ಗೆ ಗ್ರೀಕ್ ಪ್ರಾಧ್ಯಾಪಕನಾಗಿ ಕಳಿಸಿದರು. ರಾಶಿ ರಾಶಿ ಉತ್ತರ ಪತ್ರಿಕೆ, ಪರಕೀಯರ ನಡುವಿನ ಒಂಟಿತನ. ಅಲ್ಲಿ ಬರೆದ ಕತ್ತಲೆಯ ಸಾನೆಟ್ಟುಗಳಲ್ಲಿ ಅವನು ದೇವರ ಜೊತೆ ಜಗಳಕ್ಕೇ ನಿಂತಿದ್ದಾನೆ. ದೇವರನ್ನು ಬಿಟ್ಟು ಹೋಗಲಿಲ್ಲ. 1888ರಲ್ಲಿ ತಮ್ಮನ ಮದುವೆಗೆಂದು ಒಂದು ಕವಿತೆ ಶುರು ಮಾಡಿದ. ಅದರಲ್ಲಿ ಹುಡುಗರ ಗುಂಪು ನದಿಯಲ್ಲಿ ಈಜುತ್ತದೆ. ದಾರಿಹೋಕನೊಬ್ಬ ಅದನ್ನು ಮರೆಯಲ್ಲಿ ನಿಂತು ನೋಡಿ ಖುಷಿಪಟ್ಟು, ಪಕ್ಕದ ಬೇರೊಂದು ಮಡುವಿನಲ್ಲಿ ಒಬ್ಬನೇ ನೀರಿಗಿಳಿಯುತ್ತಾನೆ. ಕವಿತೆ ಪೂರ್ತಿಯಾಗಲಿಲ್ಲ. 1889ರ ಜೂನ್ 8ರಂದು ಟೈಫಾಯ್ಡ್‌ನಿಂದ ಹಾಪ್ಕಿನ್ಸ್ ತೀರಿಕೊಂಡ. ವಯಸ್ಸು 44. ಗೆಳೆಯನ ಕವಿತೆಗಳನ್ನು ಜೋಪಾನ ಮಾಡಿದ್ದ ಬ್ರಿಜಸ್ 1918ರಲ್ಲಿ ಅವನ್ನು ಪುಸ್ತಕವಾಗಿ ತಂದ. ಅಚ್ಚು ಹಾಕಿದ್ದು 750 ಪ್ರತಿ.

ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿಂದ ಕೂಡುವ ವಯಸ್ಕರಿಗೆ 377ನೇ ಕಲಂ ಅನ್ವಯಿಸದು ಎಂದಿತು. ಸಲಿಂಗದತ್ತ ಆಳವಾದ ಒಲವು ಇರುವವರನ್ನು ಗುರುಮಠಕ್ಕೆ ಸೇರಿಸಬಾರದು ಎಂದು ವ್ಯಾಟಿಕನ್ 2005ರಲ್ಲಿ ಹೊರಡಿಸಿದ ಸೂಚನೆಯ ಬಗ್ಗೆ ಸಭೆಯೊಳಗೇ ಚರ್ಚೆ ನಡೆದಿದೆ. ಆ ಸೂಚನೆ ಅಂದು ಇದ್ದಿದ್ದರೆ, ಹಾಪ್ಕಿನ್ಸ್ ತನ್ನ ಮನಸ್ಸನ್ನು ಬಿಚ್ಚಿಟ್ಟಿದ್ದರೆ, ಮನ್ರೇಸಾ ಹೌಸಿನ ಬಾಗಿಲು ತೆರೆಯುತ್ತಿತ್ತೇ? ಇಂದು ಚರ್ಚುಗಳಲ್ಲಿ ಅವನ ಸಾಲುಗಳನ್ನು ಪ್ರವಚನಕ್ಕೆ ಬಳಸುವವರು ಇದನ್ನೊಮ್ಮೆ ಯೋಚಿಸಬೇಕು.

ಹಾಪ್ಕಿನ್ಸ್ ವ್ರತ ಮುರಿದ ಎನ್ನಲು ಯಾವ ದಾಖಲೆಯೂ ಇಲ್ಲ. ಅದು ಅವನು ಆರಿಸಿಕೊಂಡ ದಾರಿ, ಎಲ್ಲರೂ ಅದನ್ನೇ ಹಿಡಿಯಬೇಕಿಲ್ಲ. ನನಗೆ ಅವನಿಂದ ಸಿಕ್ಕಿದ್ದು ಬೇರೆ. ತನ್ನ ಸ್ವಭಾವಕ್ಕೂ ತನ್ನ ದೇವರಿಗೂ ಜಗಳವೆಂದುಕೊಂಡು ಕಣ್ಣು ತಗ್ಗಿಸಿದ ದಿನಗಳಲ್ಲಿ ಅವನಿಂದ ಲೋಕಕ್ಕೆ ಏನೂ ಸಿಗಲಿಲ್ಲ. ಕಣ್ಣೆತ್ತಿ ನೋಡಿದ ಮೇಲೆ ಸಿಕ್ಕಿದ ಕವಿತೆಗಳನ್ನು ನಂಬುವವರೂ ನಂಬದವರೂ ಇಂದಿಗೂ ಓದುತ್ತಿದ್ದಾರೆ. ಅಪ್ಪಣೆ ಕೇಳುತ್ತ ಕೂತಿರುವ ನನ್ನಂಥ ಹುಡುಗ ಹುಡುಗಿಯರು ಈ ಪುಟ ಓದುತ್ತಿದ್ದರೆ, ಅವರಿಗೆ ಹೇಳಲು ನನ್ನ ಬಳಿ ಇರುವುದು ಇಷ್ಟೇ: ತಲೆ ಎತ್ತಿ ನಡೆಯಿರಿ.