ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಭಾರತದ ಸುಪ್ರಸಿದ್ಧ ಭೌತವಿಜ್ಞಾನಿ. ಬೆಳಕಿನ ಚದರುವಿಕೆಯ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಧ್ವನಿ ವಿಜ್ಞಾನಕ್ಕೂ ಇವರ ಕೊಡುಗೆ ಗಣನೀಯವಾದುದು. ಶ್ರವಣಾತೀತ ಧ್ವನಿಯನ್ನು (ಅಲ್ಟ್ರಾಸೌಂಡ್) ಕುರಿತ ರಾಮನ್–ನಾಥ್ ಸಿದ್ಧಾಂತವು ಬೆಂಗಳೂರಿನಲ್ಲಿ ರೂಪುಗೊಂಡಿತು.

ಜನನ ಮತ್ತು ಶಿಕ್ಷಣ

ರಾಮನ್ ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ಅದೇ ವರ್ಷ ಲೋಕಸುಂದರಿಯವರನ್ನು ವಿವಾಹವಾದರು.

ಕಲ್ಕತ್ತೆಯ ದಿನಗಳು

1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿದ ರಾಮನ್, ಕಚೇರಿಯ ಕೆಲಸದ ನಂತರದ ಸಮಯವನ್ನು ಪ್ರಯೋಗಾಲಯದಲ್ಲಿ ಕಳೆಯುತ್ತಿದ್ದರು. 1917ರಲ್ಲಿ ಹೆಚ್ಚಿನ ವೇತನದ ಆ ಹುದ್ದೆಯನ್ನು ತೊರೆದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಪಿಟೀಲು, ಮೃದಂಗ, ತಬಲಾಗಳ ನಾದವನ್ನು ವೈಜ್ಞಾನಿಕವಾಗಿ ಪರಿಶೀಲಿಸಿದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಗುರುತಿಸಿದರು.

ಬೆಂಗಳೂರು ಮತ್ತು ಶ್ರವಣಾತೀತ ಧ್ವನಿ

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಮಂದಿರದ ಪ್ರಥಮ ಭಾರತೀಯ ನಿರ್ದೇಶಕರಾದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಶ್ರವಣಾತೀತ ತರಂಗಗಳು ಹಾಯುವ ದ್ರವದ ಮೂಲಕ ಬೆಳಕನ್ನು ಹರಿಸಿದರೆ ಅದು ಹಲವು ಕಿರಣಗಳಾಗಿ ಒಡೆಯುವುದನ್ನು 1932ರಲ್ಲಿ ಅಮೆರಿಕ ಹಾಗೂ ಫ್ರಾನ್ಸ್‌ಗಳಲ್ಲಿ ಕಂಡಿದ್ದರು. ಅದಕ್ಕೆ ತೃಪ್ತಿಕರ ವಿವರಣೆ ಇರಲಿಲ್ಲ. 1935–36ರಲ್ಲಿ ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಭಾಗಗಳ ಲೇಖನಮಾಲೆಯ ಮೂಲಕ ಉತ್ತರ ನೀಡಿದರು. ಧ್ವನಿಯು ದ್ರವದಲ್ಲಿ ಒತ್ತಾದ ಮತ್ತು ವಿರಳವಾದ ಪದರಗಳನ್ನು ಉಂಟುಮಾಡುತ್ತದೆ. ಅವುಗಳನ್ನು ದಾಟಿದ ಬೆಳಕಿನ ಅಲೆಮುಖವು ಸುಕ್ಕುಗಟ್ಟಿ, ಬೇರೆ ಬೇರೆ ಕೋನಗಳಲ್ಲಿ ಹಂಚಿಹೋಗುತ್ತದೆ ಎಂಬುದು ಇದರ ತಿರುಳು.

ಇದೇ ಅವಧಿಯಲ್ಲಿ ಸಂಸ್ಥೆಯ ಆಡಳಿತದಲ್ಲಿ ತೀವ್ರ ಭಿನ್ನಾಭಿಪ್ರಾಯಗಳು ತಲೆದೋರಿದವು. ಭೌತವಿಜ್ಞಾನಕ್ಕೆ ಅವರು ನೀಡಿದ ಪ್ರಾಶಸ್ತ್ಯಕ್ಕೆ ಇತರ ವಿಭಾಗಗಳಿಂದ ವಿರೋಧ ಬಂದಿತು. 1937ರಲ್ಲಿ ನಿರ್ದೇಶಕ ಸ್ಥಾನವನ್ನು ತೊರೆದರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು.

ವೈದ್ಯಕೀಯ ಕ್ಷೇತ್ರದೊಡನೆ ಸಂಬಂಧ

ರಾಮನ್ ಸ್ವತಃ ಬ್ಯಾಕ್ಟೀರಿಯಾಗಳ ಕುರಿತು ಸಂಶೋಧನೆ ನಡೆಸಿದವರಲ್ಲ. ಆದರೆ ಅವರ ಎರಡೂ ಶೋಧನೆಗಳು ಇಂದು ಈ ಕ್ಷೇತ್ರಕ್ಕೆ ನೆರವಾಗುತ್ತಿವೆ. ಕ್ಯಾತಿಟರ್ ಮೊದಲಾದ ಸಾಧನಗಳ ಮೇಲೆ ಬ್ಯಾಕ್ಟೀರಿಯಾಗಳು ಅಂಟಿನಂತಹ ಪದರವನ್ನು ಕಟ್ಟಿಕೊಂಡು ಅದರೊಳಗೆ ಬೆಳೆಯುತ್ತವೆ. ಇದನ್ನು ಜೈವಿಕ ಪೊರೆ (ಬಯೋಫಿಲ್ಮ್) ಎನ್ನುತ್ತಾರೆ. ಪ್ರತಿಜೀವಕ ಔಷಧಗಳು ಈ ಪೊರೆಯ ಮೇಲೆ ಸುಲಭವಾಗಿ ಫಲ ನೀಡುವುದಿಲ್ಲ. ಶ್ರವಣಾತೀತ ಧ್ವನಿಯು ದ್ರವದಲ್ಲಿ ಹುಟ್ಟಿಸುವ ಸೂಕ್ಷ್ಮ ಗುಳ್ಳೆಗಳು ಒಡೆಯುವಾಗ ಪೊರೆಯನ್ನು ಸಡಿಲಗೊಳಿಸಬಲ್ಲವು. ಇಂತಹ ಧ್ವನಿಯ ಪ್ರಬಲತೆಯನ್ನು ಅಳೆಯಲು ಬೆಳಕಿನ ವಿವರ್ತನೆಯೂ ಒಂದು ಮಾರ್ಗ. ಪೊರೆಯ ರಾಸಾಯನಿಕ ಘಟಕಗಳನ್ನು ತಿಳಿಯಲು ರಾಮನ್ ರೋಹಿತದರ್ಶನವನ್ನು ಬಳಸಲಾಗುತ್ತದೆ.

ಕೊನೆಯ ದಿನಗಳು

1948ರಲ್ಲಿ ಬೆಂಗಳೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿ, ಜೀವನದ ಕೊನೆಯವರೆಗೂ ಅಲ್ಲಿ ಕಾರ್ಯನಿರತರಾಗಿದ್ದರು. 1954ರಲ್ಲಿ ಭಾರತರತ್ನ ಪುರಸ್ಕೃತರಾದರು. 1970ರಲ್ಲಿ ನಿಧನರಾದ ಅವರ ಅಂತ್ಯಕ್ರಿಯೆಯು ಅವರ ಇಚ್ಛೆಯಂತೆ ಸಂಸ್ಥೆಯ ಆವರಣದಲ್ಲಿಯೇ ನೆರವೇರಿತು. ಫೆಬ್ರವರಿ 28ನ್ನು ದೇಶದಾದ್ಯಂತ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.